ಗೀಸರ್ ಮಹಾತ್ಮೆ

ಮನೆ ಮೇಲೆ ಸೋಲಾರ್ ಹಾಕಿಸಿ, 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ತಗೊಳ್ಳಿ ಅಂತಾರೆ ದೆಹಲಿಯವರು. 200 ಯೂನಿಟ್‌ವರೆಗೆ ಕರೆಂಟ್ ಪುಕ್ಕಟೆ ತಗೊಳ್ಳಿ ಅಂತಾರೆ ಬೆಂಗಳೂರಿನವರು. ಇಂಥ ಇಬ್ಬರು ಮಾವಂದಿರು ಯಾವ ಅಳಿಯನಿಗೆ ಸಿಕ್ಕಾರು?

ನನ್ನ ಮೆಚ್ಚುಗೆಯೆಲ್ಲ ಬೆಂಗಳೂರಿನವರ ಆ ಪುಕ್ಕಟೆ ಯೋಜನೆ, ಗೃಹಜ್ಯೋತಿಯ ಲೆಕ್ಕಕ್ಕೆ. ಆ 200 ಎಲ್ಲರಿಗೂ ಅಲ್ಲ, ಗೊತ್ತಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅಷ್ಟು, ಅದರ ಮೇಲೆ ಶೇ 10. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇಕಡಾ ಲೆಕ್ಕ ಬಿಟ್ಟು ಸರಾಸರಿಯ ಮೇಲೆ 10 ಯೂನಿಟ್ ಮಾಡಿದರು. ದೊಡ್ಡ ಮನಸ್ಸು!

ಈಗ ಬೆಂಗಳೂರಿನ ಎರಡು ಮನೆ ನೋಡಿ. ಒಂದರ ಮೇಲೆ ಸೋಲಾರ್ ವಾಟರ್ ಹೀಟರ್. ಸರ್ಕಾರವೇ ಹಾಕಿಸಿ ಅಂದಿತ್ತು, ಬಿಲ್ಲಿನಲ್ಲಿ 50 ರೂಪಾಯಿವರೆಗೆ ರಿಯಾಯಿತಿಯನ್ನೂ ಕೊಡುತ್ತಿತ್ತು. ಪಕ್ಕದ ಮನೆಯಲ್ಲಿ 2 ಕಿಲೋವ್ಯಾಟ್ ಗೀಸರ್. ದಿನಕ್ಕೊಂದು ಗಂಟೆ ಉರಿದರೂ ತಿಂಗಳಿಗೆ 60 ಯೂನಿಟ್. ಆ 60 ಈಗ ಸರ್ಕಾರದ ಖರ್ಚು. ಬಿಸಿಲಲ್ಲಿ ನೀರು ಕಾಯಿಸಿದವನಿಗೆ ಆ ಭಾಗ್ಯ ಇಲ್ಲ.

ಮೊದಲೇ ಒಂದು ಮಾತು ಹೇಳಿದ್ದರೆ ಆ ವರ್ಷ ಹಗಲೂ ಟ್ಯೂಬ್‌ಲೈಟ್ ಉರಿಸುತ್ತಿದ್ದೆವು. ನಮ್ಮ ಅಮ್ಮಂದಿರೋ, ಖಾಲಿ ಕೋಣೆಯ ಸ್ವಿಚ್ ಆರಿಸುತ್ತಾ, 'ಕರೆಂಟ್ ಬಿಲ್ ನಿಮ್ಮಜ್ಜ ಕಟ್ತಾನಾ?' ಅಂತ ಬೈಯುತ್ತಾ ಇಡೀ ವರ್ಷ ಹಾಳು ಮಾಡಿದರು.

ದೀಪಾವಳಿಗೆ ನೀರು ತುಂಬುವ ಹಬ್ಬ ಇದೆಯಲ್ಲ, ಹಂಡೆ ಉಜ್ಜಿ ಸುಣ್ಣ-ಕೆಮ್ಮಣ್ಣು ಬಳಿದು, ಹೂ ಏರಿಸುತ್ತಿದ್ದೆವು. ಇನ್ನು ಗೀಸರಿಗೇ ಪಟ್ಟೆ ಬಳಿದು ಆರತಿ ಎತ್ತಬೇಕು. ಸಾಮಾನ್ಯ ದೇವರಲ್ಲ ಅದು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ತೆಲಂಗಾಣದ ಸಿಂಗರೇಣಿ ಗಣಿಯಲ್ಲಿ ಅಗೆದದ್ದು ರೈಲು ಹತ್ತಿ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬರುತ್ತದೆ. ಅಲ್ಲಿ ಉರಿದು, ತಂತಿ ಹಿಡಿದು ಬೆಂಗಳೂರಿಗೆ ಓಡಿ, ಒಬ್ಬರ ಎರಡು ಬಕೆಟ್ ನೀರು ಬೆಚ್ಚಗೆ ಮಾಡುತ್ತದೆ. ಹಾರುಬೂದಿ ಮಾತ್ರ ತಂತಿ ಹಿಡಿಯಲ್ಲ. ಅಲ್ಲೇ ಉಳಿದು ಆ ಊರವರ ಅನ್ನದ ಮೇಲೆ, ಎದೆಯೊಳಗೆ ಕೂರುತ್ತದೆ. ಅವರಿಗೆ ಎಷ್ಟು ಶೇಕಡಾ ಜಾಸ್ತಿ ಕೊಟ್ಟಿರಿ?

ಬಡವರಿಗೆ ಕರೆಂಟ್ ಪುಕ್ಕಟೆ ಕೊಡಿ. ಬೇಡ ಅಂದವರು ಯಾರು? ಎಲ್ಲರಿಗೂ ಒಂದೇ ಅಳತೆ ಇಟ್ಟು ಕೊಡಬಹುದಿತ್ತಲ್ಲ. ಎರಡು ಬಲ್ಬು, ಒಂದು ಫ್ಯಾನಿನಲ್ಲಿ ಬದುಕಿದ ಮನೆಗೆ ಆ ಎರಡು ಬಲ್ಬೇ ಗತಿ ಅಂತ ಬರೆದಿಟ್ಟಿದ್ದೀರಿ. ಆ ಮನೆಯಾಕೆ ಹೊಟ್ಟೆ ಬಟ್ಟೆ ಕಟ್ಟಿ ಒಂದು ಫ್ರಿಜ್ ತಂದರೆ, ಮಿತಿ ದಾಟಿದ ಯೂನಿಟ್ಟಿಗೆ ಆಕೆಯೇ ದುಡ್ಡು ಕಟ್ಟಬೇಕು.