ಕೆಂಪು ಆಯಿಲ್ ಲೈಟ್: ಓಡಾಡುತ್ತಿರುವ ಮೆಸೇಜಿಗೆ ಸ್ಪಷ್ಟನೆ

'ಸಂಪಾಜೆ ಘಾಟಿ ಹತ್ತುವಾಗ ಹಳೆ ಕಾರಿನ ಕೆಂಪು ಆಯಿಲ್ ಲೈಟ್ ಹೊತ್ತಿದರೆ ಗಾಬರಿ ಬೇಡ. ಏರಿನಲ್ಲಿ ಆಯಿಲ್ ಹಿಂದೆ ಸರಿದಿರುತ್ತದೆ, ಮಡಿಕೇರಿ ತಲುಪಿ ಹಾಕಿಸಿದರೆ ಸಾಕು' ಎಂಬ ಮೆಸೇಜ್ ಕೊಡಗಿನ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಮಾರುತಿ 800, ಓಮ್ನಿಯಂಥ ಗಾಡಿಗಳಲ್ಲಿ ಆ ದೀಪ ತೋರಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಎಂಜಿನ್ನಿನಲ್ಲಿರುವ ಪ್ರೆಶರ್ ಸ್ವಿಚ್, ಒತ್ತಡ ತೀರಾ ಕುಸಿದಾಗಲೇ ಅದನ್ನು ಹೊತ್ತಿಸುವುದು. ಏರಿನಲ್ಲಿ, ತಿರುವಿನಲ್ಲಿ ಮಿನುಗಿದರೂ ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿರಬಹುದು. ಆಗ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡದ ಬೇರಿಂಗಿಗೆ ಆಯಿಲ್ ಸಿಗದೆ ಲೋಹಕ್ಕೆ ಲೋಹ ಉಜ್ಜುತ್ತದೆ. ಕೆಲವೇ ನಿಮಿಷ ಓಡಿಸಿದರೂ ಎಂಜಿನ್ ತಿರುಗದಂತೆ ಹಿಡಿದುಕೊಳ್ಳಬಹುದು (ಸೀಜ್ ಆಗಬಹುದು).

ದೀಪ ಹೊತ್ತಿದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಸಮತಟ್ಟಾದ ಕಡೆ ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿ. ಕಡಿಮೆಯಿದ್ದರೆ ಆಯಿಲ್ ಹಾಕಿ. ಆಮೇಲೂ ದೀಪ ಆರದಿದ್ದರೆ, ಅಥವಾ ಆಯಿಲ್ ಮಟ್ಟ ಸರಿಯಾಗಿಯೇ ಇದ್ದೂ ದೀಪ ಹೊತ್ತಿದ್ದರೆ, ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಮಳೆಯಲ್ಲಿ ಇದು ಕಷ್ಟ, ಗೊತ್ತು. ಆದರೂ ಎಂಜಿನ್ ಬಿಚ್ಚಿಸುವ ಖರ್ಚಿಗಿಂತ ವಾಸಿ.

ಇನ್ನೊಂದು: ಕೀ ತಿರುಗಿಸಿದಾಗ ಆ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ಬಲ್ಬು, ವೈರು ನೋಡಿಸಿ.

ಹಳೆಯ ಮೆಸೇಜನ್ನು ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ.