ಟೊಮೆಟೊ ಮಾರುಕಟ್ಟೆ ಬಲ್ಲವಳು ಬಿಟ್ಟುಹೋದ ಲೆಕ್ಕ

ಕೋಲಾರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ವಾರ ಬಿ.ಎ. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬ ಬೇಡಿಕೆಯ ನಿಯಮವನ್ನು ಎರಡು ಪುಟ ಚೆಂದವಾಗಿ ಬರೆದವರೇ ಮುಂದಿನ ಲೆಕ್ಕದ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಟೊಮೆಟೊ ಬಾಕ್ಸಿನ ಬೆಲೆ 200 ರೂಪಾಯಿಯಿಂದ 300ಕ್ಕೆ ಏರಿದಾಗ ಮಾರಾಟ 100 ಬಾಕ್ಸಿನಿಂದ 80ಕ್ಕೆ ಇಳಿದರೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾವಣೆಗೆ ಬೇಡಿಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ, ಎಷ್ಟು? ಬೆಲೆ ಏರಿದ್ದು ಶೇ 50, ಮಾರಾಟ ಇಳಿದದ್ದು ಶೇ 20. ಇಪ್ಪತ್ತನ್ನು ಐವತ್ತರಿಂದ ಭಾಗಿಸಿ, ಋಣ ಚಿಹ್ನೆ ಬದಿಗಿಟ್ಟರೆ ಉತ್ತರ 0.4.

ಖಾಲಿ ಬಿಟ್ಟವರಲ್ಲಿ ಒಬ್ಬಳ ಮನೆಯವರು ಟೊಮೆಟೊ ಬೆಳೆಗಾರರು. ಹಿಂದೊಮ್ಮೆ ತರಗತಿಯಲ್ಲಿ ಅವಳೇ ಎದ್ದು ನಿಂತು ಹೇಳಿದ್ದಳು: "ಸರ್, ಎಲ್ಲರ ತೋಟದಲ್ಲೂ ಬೆಳೆ ಚೆನ್ನಾಗಿ ಬಂದರೆ ನಮಗೆ ನಷ್ಟ. ಅಗ್ಗವಾಯಿತೆಂದು ಒಂದು ಕೆ.ಜಿ. ಕೊಳ್ಳುವವರು ನಾಲ್ಕು ಕೆ.ಜಿ. ಕೊಳ್ಳುವುದಿಲ್ಲವಲ್ಲ." ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಕಡಿಮೆ ಎಂದರೆ ಇದೇ. ಆವಕ ಸ್ವಲ್ಪ ತಗ್ಗಿದರೂ ಬೆಲೆ ಜಿಗಿಯುತ್ತದೆ, ಸ್ವಲ್ಪ ಹೆಚ್ಚಿದರೂ ನೆಲ ಕಚ್ಚುತ್ತದೆ. 2023ರ ಜುಲೈಯಲ್ಲಿ ನಮ್ಮ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಹಣ್ಣನ್ನು ರಸ್ತೆ ಬದಿಗೆ ಸುರಿದ ದಿನಗಳನ್ನೂ ಕಂಡಿದ್ದೇವೆ. ಇಷ್ಟನ್ನು ಬಲ್ಲ ಹುಡುಗಿಗೆ ಅರ್ಥಶಾಸ್ತ್ರ ಬರುವುದಿಲ್ಲವೆಂದು ನಾನು ಹೇಗೆ ಅಂಕ ಹಾಕಲಿ? ಅವಳ ಕೈ ನಿಂತದ್ದು ಶೇಕಡಾ ಲೆಕ್ಕದಲ್ಲಿ.

"ಆರ್ಟ್ಸ್ ತೆಗೆದುಕೋ, ಇನ್ನು ಗಣಿತದ ಕಾಟವಿಲ್ಲ" ಎಂದು ಹಿರಿಯರೇ ಧೈರ್ಯ ಹೇಳಿ ಪಿಯುಸಿಗೆ ಸೇರಿಸುತ್ತಾರೆ. ಎಸ್ಸೆಸ್ಸೆಲ್ಸಿ ಜೊತೆಗೇ ಗಣಿತ ಮುಗಿಯಿತು. ಪದವಿಗೆ ಬಂದರೆ ರೇಖೆಯ ಇಳಿಜಾರು, ಸೀಮಾಂತ ವೆಚ್ಚ (ಇನ್ನೊಂದು ಘಟಕ ಹೆಚ್ಚು ತಯಾರಿಸಲು ತಗಲುವ ವೆಚ್ಚ), ಎಂ.ಎ.ಯಲ್ಲಿ ಡಿಫರೆನ್ಸಿಯೇಷನ್. ಪಿಯುಸಿ ವಾಣಿಜ್ಯದಲ್ಲಿ ಬೇಸಿಕ್ ಮ್ಯಾಥ್ಸ್ ಓದಿ ಬಂದ ಮಕ್ಕಳು ಇದೇ ಲೆಕ್ಕವನ್ನು ನಿರಾಳವಾಗಿ ಮಾಡುತ್ತಾರೆ. ಅವರಿಗಿರುವುದು ಎರಡು ವರ್ಷದ ರೂಢಿ, ಬೇರೆ ಜಾಣತನವೇನಲ್ಲ.

ಪ್ರಶ್ನೆ ಪತ್ರಿಕೆಯಿಂದ ಲೆಕ್ಕಗಳನ್ನೇ ತೆಗೆದುಬಿಡೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂದು ತೋರಿದ ಆ ಕನಿಕರಕ್ಕೆ ಎಂ.ಎ. ಮೊದಲ ಸೆಮಿಸ್ಟರಿನಲ್ಲಿ ಮಕ್ಕಳೇ ಬೆಲೆ ತೆರುತ್ತಾರೆ. ಹಾಗೆಂದು ಮೊದಲ ದಿನವೇ ಸೂತ್ರಗಳನ್ನು ಸುರಿಯಬೇಕಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1865ರಲ್ಲಿ ಕೇಂಬ್ರಿಡ್ಜ್ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದವರು. ಅವರೇ 1890ರ ತಮ್ಮ ಅರ್ಥಶಾಸ್ತ್ರ ಗ್ರಂಥದಲ್ಲಿ ವಿಚಾರವನ್ನು ಮಾತಿನಲ್ಲಿ ಬಿಡಿಸಿ, ಚಿತ್ರಗಳನ್ನು ಅಡಿಟಿಪ್ಪಣಿಗೂ ಗಣಿತವನ್ನು ಅನುಬಂಧಕ್ಕೂ ಸರಿಸಿದರು.

ಮೊದಲ ಸೆಮಿಸ್ಟರಿನ ಮೊದಲ ಮೂರು ವಾರ, ದಿನಕ್ಕೊಂದು ಗಂಟೆ ಸಿಕ್ಕರೆ ಸಾಕು: ಭಿನ್ನರಾಶಿ, ಶೇಕಡಾ, ಸರಳ ಸಮೀಕರಣ, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುವುದು. ವೇಳಾಪಟ್ಟಿಯಲ್ಲಿ ಜಾಗ ಸಿಗುವವರೆಗೆ ಕಾಯದೆ ಸೋಮವಾರದಿಂದ ಬೆಳಿಗ್ಗೆ ಒಂಬತ್ತಕ್ಕೆ ನಾನೇ ಶುರು ಮಾಡುತ್ತಿದ್ದೇನೆ. ಸಂಜೆಯಾದರೆ ಹಳ್ಳಿಯ ಮಕ್ಕಳಿಗೆ ಬಸ್ ತಪ್ಪುತ್ತದೆ. ಕೋಲಾರದ ಸುತ್ತಮುತ್ತ ನಿವೃತ್ತ ಗಣಿತ ಮೇಷ್ಟ್ರು ಯಾರಾದರೂ ಇದ್ದರೆ ವಾರಕ್ಕೊಂದು ದಿನ ಬನ್ನಿ. ಇನ್‌ಬಾಕ್ಸಿನಲ್ಲಿ ತಿಳಿಸಿ.