ಸಿವಿಲ್‌ಗೆ ಸೇರಿಸ್ಲಾ ಬೇಡ್ವಾ ಅಂತ ಕೇಳಿದವರಿಗೆ

ಸಿಇಟಿ ರ‍್ಯಾಂಕ್ ಬಂದಾಗಿಂದ ನಮ್ಮ ಬೀದಿಲೇ ಮೂರು ಮನೆಯವರು ಕೇಳಿದ್ದಾಯ್ತು, ಸಿವಿಲ್ ಇಂಜಿನಿಯರಿಂಗ್ ಸಿಗುತ್ತೆ ಅಂತಿದಾರೆ, ಸೇರಿಸ್ಲಾ ಬೇಡ್ವಾ, ಅದ್ರಲ್ಲಿ ಓದೋಕೆ ಅಂಥದ್ದೇನಿದೆ, ಮನೆ ಮೇಸ್ತ್ರಿನೇ ಕಟ್ತಾನಲ್ಲ ಅಂತ. ಹಾಸನದಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸ ಮಾಡ್ಕೊಂಡಿರೋ ನನಗೆ ಆ ಕೊನೇ ಮಾತು ಪ್ರತಿ ಸಲನೂ ಚುಚ್ಚುತ್ತೆ. ಮೇಸ್ತ್ರಿಗಳ ಮೇಲೆ ನನಗೆ ತುಂಬಾ ಗೌರವ ಇದೆ, ತೂಕದ ಗುಂಡು ಹಿಡಿಯೋದು ಕಲಿತಿದ್ದೇ ಒಬ್ಬ ಮೇಸ್ತ್ರಿ ಹತ್ರ. ಆದ್ರೆ ನಾಲ್ಕು ವರ್ಷದ ಡಿಗ್ರಿಲಿ ಮನೆ ಪ್ಲಾನ್ ಹಾಕೋದಕ್ಕೆ ಅಂತ ಸಿಗೋದು ಒಂದೆರಡು ಸಬ್ಜೆಕ್ಟ್ ಅಷ್ಟೇ, ಮಿಕ್ಕಿದ್ದೆಲ್ಲ ಭಾರ, ಮಣ್ಣು, ನೀರು ಈ ಮೂರರ ಸುತ್ತಲೇ ತಿರುಗುತ್ತೆ. ಅದ್ರಲ್ಲೂ ಮಣ್ಣು ಮತ್ತೆ ನೀರನ್ನ ನಮ್ಮ ಜಿಲ್ಲೆ ಮಕ್ಕಳು ಓದದೇ ಇದ್ರೆ ಇನ್ಯಾರು ಓದ್ಬೇಕು ಹೇಳಿ.

ಮೊದಲನೇ ವರ್ಷ ಎಲ್ಲಾ ಬ್ರಾಂಚ್‌ಗೂ ಹೆಚ್ಚುಕಮ್ಮಿ ಒಂದೇ, ಮ್ಯಾಥ್ಸು ಫಿಸಿಕ್ಸು ಡ್ರಾಯಿಂಗು. ಎರಡನೇ ವರ್ಷ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಬರುತ್ತೆ ನೋಡಿ, ಅಲ್ಲಿಂದ ಶುರು. ಒಂದು ತೊಲೆ ಮೇಲೆ ಭಾರ ಬಿದ್ರೆ ಅದರ ಮೇಲ್ಗಡೆ ಏನಾಗುತ್ತೆ, ಕೆಳಗಡೆ ಏನಾಗುತ್ತೆ ಅನ್ನೋ ಲೆಕ್ಕ. ಕಾಗದದ ಮೇಲೆ ಬೋರ್ ಹೊಡೆಯುತ್ತೆ, ನಿಜ. ಆದ್ರೆ ಇದು ಗೊತ್ತಿದ್ದವರಿಗೆ ಮಾತ್ರ ಬಾಲ್ಕನಿ ಸ್ಲ್ಯಾಬ್‌ನ ಮೇನ್ ಕಂಬಿ ಮೇಲ್ಗಡೆ ಯಾಕಿರ್ಬೇಕು ಅಂತ ಅರ್ಥ ಆಗೋದು, ಯಾಕಂದ್ರೆ ಬಾಲ್ಕನಿ ಒಂದೇ ಕಡೆ ಹಿಡ್ಕೊಂಡಿರುತ್ತೆ, ಬಾಗಿದಾಗ ಎಳೆತ ಬೀಳೋದು ಮೇಲಿನ ಮೈಗೆ, ಎಳೆತಕ್ಕೆ ಕಾಂಕ್ರೀಟ್ ಆಗಿಬರಲ್ಲ, ಕಂಬಿನೇ ಬೇಕು. ಕಾಂಕ್ರೀಟ್ ಹಾಕೋ ದಿನ ಆಳುಗಳು ಆ ಕಂಬಿ ಮೇಲೇ ಓಡಾಡಿ ತುಳಿದು ತುಳಿದು ಅದು ತಳಕ್ಕೆ ಕೂತಿದ್ದನ್ನ ನಾನೇ ಎಷ್ಟೋ ಸೈಟಲ್ಲಿ ನೋಡಿ ಎತ್ತಿಸಿ ಕಟ್ಟಿಸಿದೀನಿ. ಹೊರಗಡೆಯಿಂದ ನೋಡೋರಿಗೆ ಎರಡೂ ಬಾಲ್ಕನಿ ಒಂದೇ ಥರ ಕಾಣುತ್ತೆ.

ಕಾಂಕ್ರೀಟ್ ಟೆಕ್ನಾಲಜಿನೂ ಹಂಗೇ. 150 ಎಂಎಂ ಕ್ಯೂಬ್ ಮಾಡಿ, ನೀರಲ್ಲಿ ಮುಳುಗಿಸಿಟ್ಟು, 28 ದಿನ ಆದ್ಮೇಲೆ ಒಡೆದು ನೋಡೋದು. ಸೈಟಲ್ಲಿ "ಸಾರ್ ಗಟ್ಟಿ ಆಯ್ತು, ಇನ್ನೊಂದು ಬಕೆಟ್ ನೀರು ಬಿಡ್ಲಾ" ಅಂತ ಕೇಳ್ತಾರಲ್ಲ, ಆ ಒಂದು ಬಕೆಟ್ ನೀರಿಗೆ ಎಷ್ಟು ಶಕ್ತಿ ಹೋಗುತ್ತೆ ಅಂತ ಒಂದು ಸಲ ಕಣ್ಣಾರೆ ಕ್ಯೂಬ್ ಪುಡಿಯಾಗಿದ್ದನ್ನ ನೋಡಿದೋರು ಜನ್ಮದಲ್ಲಿ ಹೂಂ ಅನ್ನಲ್ಲ.

ಈಗ ಮಣ್ಣಿನ ವಿಷಯಕ್ಕೆ ಬರ್ತೀನಿ, ನಾನು ಬರೆಯೋಕೆ ಕೂತಿದ್ದೇ ಅದಕ್ಕೆ. ಜಿಯೋಟೆಕ್ನಿಕಲ್ ಅಂತ ಸಬ್ಜೆಕ್ಟು, ಹುಡುಗ್ರು ಪಾಸಾದ್ರೆ ಸಾಕು ಅಂತ ಓದ್ತಾರೆ. ಅದರ ಲ್ಯಾಬಲ್ಲಿ ಒಂದು ಟೆಸ್ಟ್ ಇದೆ, ಒದ್ದೆ ಮಣ್ಣನ್ನ ಗಾಜಿನ ಹಲಗೆ ಮೇಲೆ ಅಂಗೈಲಿ ಹೊಸೀಬೇಕು, ಚಕ್ಕುಲಿ ಎಳೆ ಥರ, 3 ಎಂಎಂ ದಪ್ಪಕ್ಕೆ ಬರೋ ಹೊತ್ತಿಗೆ ಸರಿಯಾಗಿ ಬಿರುಕು ಬಿಟ್ಟು ಮುರೀಬೇಕು. ಮುರೀಲಿಲ್ಲ ಅಂದ್ರೆ ಇನ್ನೂ ನೀರು ಜಾಸ್ತಿ ಇದೆ ಅಂತ, ಉಂಡೆ ಮಾಡಿ ಮತ್ತೆ ಹೊಸೀಬೇಕು. ಪ್ಲಾಸ್ಟಿಕ್ ಲಿಮಿಟ್ ಅಂತಾರೆ ಇದಕ್ಕೆ. ಇನ್ನೊಂದರಲ್ಲಿ ಹಿತ್ತಾಳೆ ಬಟ್ಟಲಿಗೆ ಮಣ್ಣು ಮೆತ್ತಿ ಮಧ್ಯೆ ಗೀರು ಹಾಕಿ ತಟ್ಟೋದು, 25 ಏಟಿಗೆ ಗೀರು ಮುಚ್ಕೊಂಡ್ರೆ ಆಗ ಇರೋ ನೀರಿನ ಪ್ರಮಾಣವೇ ಲಿಕ್ವಿಡ್ ಲಿಮಿಟ್. ಅಂದ್ರೆ ಈ ಮಣ್ಣು ಎಷ್ಟು ನೀರು ಕುಡಿಯೋವರೆಗೂ ಮಣ್ಣಾಗಿರುತ್ತೆ, ಎಷ್ಟು ಕುಡಿದ್ಮೇಲೆ ಹರಿಯೋಕೆ ಶುರು ಮಾಡುತ್ತೆ ಅಂತ ಕೈಯಲ್ಲೇ ಮುಟ್ಟಿ ತಿಳ್ಕೊಳ್ಳೋದು. 2018ರ ಆಗಸ್ಟ್‌ನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ರೈಲ್ವೆ ಹಳಿ ಮೇಲೆ ಗುಡ್ಡ ಬಂದು ಕೂತಿದ್ದು, 2021ರ ಜುಲೈನಲ್ಲಿ ಸಕಲೇಶಪುರದ ದೋಣಿಗಲ್ ಹತ್ರ ಹೈವೇ ಕುಸಿದಿದ್ದು ಎಲ್ಲ ನೋಡಿದ ಮೇಲೂ ಈ ಟೆಸ್ಟು ಸುಮ್ನೆ ರೆಕಾರ್ಡ್ ಬರೆಯೋಕೆ ಅಂತ ಯಾರಾದ್ರೂ ಅಂದ್ರೆ ನನಗೆ ಸಂಕಟ ಆಗುತ್ತೆ.

ಒಂದು ಗೋಡೆ ಕಥೆ ಹೇಳ್ಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸಕಲೇಶಪುರದ ಕಡೆ ಒಂದು ಮನೆ ಹಿಂದೆ ಧರೆ ಕಡಿದು ಮಣ್ಣು ಜಾರದಂಗೆ ತಡೆಯೋ ಹತ್ತಡಿ ರಿಟೇನಿಂಗ್ ವಾಲ್ ಕಟ್ಟಿದ್ರು. ಡ್ರಾಯಿಂಗಲ್ಲಿ ನೀರು ಹೊರಗೆ ಬರೋಕೆ ತೂತು, ಹಿಂದ್ಗಡೆ ಜಲ್ಲಿ ತುಂಬೋದು ಎಲ್ಲ ಇತ್ತು. ಮನೆಯವರು ತೂತಿಂದ ಕೆಸರು ಸೋರಿ ಪೇಂಟ್ ಹಾಳಾಗುತ್ತೆ ಅಂದ್ರು, ಕಂಟ್ರಾಕ್ಟರ್ ಮುಚ್ಚಿಬಿಟ್ಟ, ನನಗೆ ಗೊತ್ತಿತ್ತು, ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಜುಲೈಲಿ ಹನ್ನೊಂದು ದಿನ ಬಿಡದೆ ಮಳೆ ಹಿಡೀತು, ಒಂದು ರಾತ್ರಿ ಗೋಡೆ ಪೂರ್ತಿ ಅಂಗಳಕ್ಕೆ ಮಲಗಿತು. ಕೊಟ್ಟಿಗೇಲಿದ್ದ ಹಸುನ ಹಿಂದಿನ ದಿನವಷ್ಟೇ ಬೇರೆ ಕಡೆ ಕಟ್ಟಿದ್ರಂತೆ. ಲೆಕ್ಕ ಎಷ್ಟು ಸುಲಭ ನೋಡಿ, ಗೋಡೆ ಹಿಂದೆ 3 ಮೀಟರ್ ನೀರು ನಿಂತ್ರೆ ಪ್ರತಿ ಒಂದು ಮೀಟರ್ ಉದ್ದಕ್ಕೆ ಸುಮಾರು 4.5 ಟನ್ ಒತ್ತಡ, ಮಣ್ಣಿಂದು ಬೇರೆ. ಎರಡನೇ ವರ್ಷದ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದ ಮೊದಲ ಒಂದೆರಡು ಚಾಪ್ಟರ್‌ನಲ್ಲೇ ಇದೆ. ಪರೀಕ್ಷೇಲಿ ಇದೇ ಲೆಕ್ಕಕ್ಕೆ ನನಗೆ ಫುಲ್ ಮಾರ್ಕ್ಸ್ ಬಂದಿತ್ತು. ಆ ಗೋಡೆ ಮುಂದೆ ನಿಂತಾಗ ಆಗಿದ್ದ ನಾಚಿಕೆ ಇವತ್ತಿಗೂ ಹೋಗಿಲ್ಲ. ಈಗ ತೂತಿಲ್ಲದ ಗೋಡೆಗೆ ನಾನು ಸೈನ್ ಹಾಕಲ್ಲ, ಕೆಲಸ ಹೋದ್ರೂ ಪರ್ವಾಗಿಲ್ಲ.

ಮಳೆ ನೀರಿನ ಲೆಕ್ಕ ಹಾಕೋ ಹೈಡ್ರಾಲಜಿ, ರಸ್ತೆ, ಕುಡಿಯೋ ನೀರು, ಚರಂಡಿ, ಎಸ್ಟಿಮೇಷನ್ ಇವೆಲ್ಲ ಮೂರು ನಾಲ್ಕನೇ ವರ್ಷಕ್ಕೆ ಬರುತ್ತೆ. ರಸ್ತೆಗೆ ಮಣ್ಣು ತಡ್ಕೊಳುತ್ತಾ ಅಂತ ನೋಡೋ ಸಿಬಿಆರ್ ಟೆಸ್ಟಲ್ಲಿ ಮಣ್ಣನ್ನ 4 ದಿನ ನೀರಲ್ಲಿ ನೆನೆಸಿಟ್ಟು ಆಮೇಲೆ ಒತ್ತಿ ನೋಡ್ತಾರೆ, ಮಳೆಗಾಲನೇ ಲ್ಯಾಬಿಗೆ ತಂದಂಗೆ.

ನನಗೆ ಜಾಸ್ತಿ ಕಲಿಸಿದ್ದು ಸರ್ವೆ ಕ್ಯಾಂಪು. ಹೊಸ ಕೆರೆ, ಹಳೇ ಕೆರೆ ದುರಸ್ತಿ, ರಸ್ತೆ, ಊರಿಗೆ ಕುಡಿಯೋ ನೀರು ಅಂತ ನಾಲ್ಕು ಪ್ರಾಜೆಕ್ಟು. ಎತ್ತರ ಮೊದಲೇ ಗೊತ್ತಿರೋ ಬೆಂಚ್ ಮಾರ್ಕ್ ಕಲ್ಲಿಂದ ಹೊರಟು ಇಡೀ ದಿನ ಬಿಸಿಲಲ್ಲಿ ಲೆವೆಲ್ ತಗೊಂಡು ವಾಪಸ್ ಅದೇ ಕಲ್ಲಿಗೆ ಬಂದಾಗ ರೀಡಿಂಗ್ ತಾಳೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ನಾಳೆ ಮತ್ತೆ. ಕೆರೆ ಕೋಡಿ ಎಷ್ಟು ಅಗಲ ಬೇಕು ಅಂತ ನಾವು ಫಾರ್ಮುಲಾ ಹಾಕ್ತಾ ಕೂತಿದ್ರೆ ಆ ಊರಿನ ಅಜ್ಜ ಒಬ್ರು ಬಂದು ಹೊಂಗೆ ಮರದ ಬುಡಕ್ಕೆ ಕೋಲು ಮುಟ್ಟಿಸಿ, ನೀರು ಇಲ್ಲಿ ತನಕ ಬಂದಿತ್ತು ಅಂದ್ರು. ಲೆವೆಲ್ ನೋಡೋ ಅಳತೆ ಕೋಲು ತಂದು ಅಲ್ಲೂ ಒಂದು ರೀಡಿಂಗ್ ತಗೊಂಡ್ವಿ. ಇವತ್ತಿಗೂ ಹೊಸ ಜಾಗಕ್ಕೆ ಹೋದ್ರೆ ನಾನು ಮೊದಲು ಕೇಳೋದು ಅದನ್ನೇ, ಮಳೆಗಾಲದಲ್ಲಿ ನೀರು ಎಲ್ಲಿವರೆಗೂ ಬರುತ್ತೆ ಅಂತ.

ಸಂಬಳ ಶುರುವಿಗೆ ಕಂಪ್ಯೂಟರ್ ಸೈನ್ಸ್‌ನೋರಷ್ಟು ಬರಲ್ಲ, ಇದನ್ನ ಮುಚ್ಚಿಡಲ್ಲ. ಬಿಸಿಲು, ಧೂಳು ಎಲ್ಲ ಇದೆ. ಮಣ್ಣು ಮುಟ್ಟೋಕೆ ಇಷ್ಟ ಇಲ್ಲದ ಮಕ್ಕಳನ್ನ ದಯವಿಟ್ಟು ಸೀಟ್ ಸಿಕ್ತು ಅಂತ ತಳ್ಳಬೇಡಿ. ಇಷ್ಟ ಇರೋ ಮಕ್ಕಳಿದ್ರೆ, ಹುಡುಗೀರಾದ್ರೂ ಅಷ್ಟೇ, ಧೈರ್ಯವಾಗಿ ಸೇರಿಸಿ.

ಆಪ್ಷನ್ ಎಂಟ್ರಿ ಮಾಡೋ ಮುಂಚೆ ಒಂದು ಕೆಲಸ ಮಾಡಿ. ಕಾಲೇಜಿಗೆ ಹೋದಾಗ ಬಿಲ್ಡಿಂಗು ಹಾಸ್ಟೆಲ್ಲು ನೋಡಿದ್ದಾದ್ಮೇಲೆ ಸಿವಿಲ್ ಲ್ಯಾಬ್ ತೋರ್ಸಿ ಅಂತ ಕೇಳಿ. ಕ್ಯೂಬ್ ಮುಳುಗಿಸಿಡೋ ಕ್ಯೂರಿಂಗ್ ತೊಟ್ಟೀಲಿ ನೀರಿದ್ಯಾ, ನೀರೊಳಗೆ ಕ್ಯೂಬ್ ಇದ್ಯಾ, ಕ್ಯೂಬ್ ಮೇಲೆ ಬರೆದಿರೋ ತಾರೀಕು ಈ ವರ್ಷದ್ದಾ, ಗಾಜಿನ ಹಲಗೆ ಮೇಲೆ ಮಣ್ಣಿನ ಕಲೆ ಇದ್ಯಾ ನೋಡಿ. ಹಳೇ ಸೀನಿಯರ್ ರೆಕಾರ್ಡ್ ನೋಡ್ಕೊಂಡು ರೀಡಿಂಗ್ ಕಾಪಿ ಹೊಡೆಯೋ ಕಡೆ ಆ ತೊಟ್ಟಿ ಒಣಗಿರುತ್ತೆ.